ಪರಮೇಶ್ವರಪ್ಪನವರ ಹೆಸರಿಗೊಂದು ಹೊಂಡ

ದಾಸನಕೊಪ್ಪಕ್ಕೆ ಹೋಗಿ ಪರಮೇಶ್ವರಪ್ಪನವರ ಮನೆ ಎಲ್ಲಿ ಎಂದು ಕೇಳಿ ನೋಡಿ. ಕೇಳಿಸಿಕೊಂಡವರು ತಲೆ ಕೆರೆದುಕೊಳ್ಳುತ್ತಾರೆ, ಪಕ್ಕದವರನ್ನು ಕೂಗಿ ಕರೆಯುತ್ತಾರೆ, ಕಡೆಗೆ ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಅದೇ ಗಿರಣಿ ಗಿರಿಜವ್ವನ ಗಂಡನ ಮನೆ ಎಂದು ಕೇಳಿ. ಬಸ್ ಸ್ಟ್ಯಾಂಡಿನ ನಾಯಿ ಕೂಡ ಎದ್ದು ಬಂದು ದಾರಿ ತೋರಿಸುತ್ತದೆ. ಊರಿಗೆ ಅವರು ಬೇಕಾದ ಮನುಷ್ಯರೇ. ಅವರ ಹೆಸರು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಇದರಲ್ಲಿ ಊರಿನವರ ತಪ್ಪೂ ಇಲ್ಲ ಎನ್ನಿ. ಪರಮೇಶ್ವರಪ್ಪನವರು ಬನವಾಸಿ ಕಡೆಯ ಹಳ್ಳಿಯೊಂದರಿಂದ ಮನೆಅಳಿಯನಾಗಿ ಬಂದವರು. ಹಿಟ್ಟಿನ ಗಿರಣಿ ಹೆಂಡತಿಯ ತವರಿನದು. ಗಿರಣಿ ಶುರುವಾಯಿತೆಂದರೆ ಯಂತ್ರದ ಮಾರುದ್ದದ ರಬ್ಬರ್ ಪಟ್ಟಾ ತಿರುಗುವ ಗದ್ದಲದಲ್ಲಿ ಪಕ್ಕದವನ ಮಾತು ಪಕ್ಕದವನಿಗೆ ಕೇಳದು. ಹೊಸದರಲ್ಲಿ "ನಾನು ಪರಮೇಶ್ವರಪ್ಪ" ಎಂದು ಅವರು ಗಿರಾಕಿಗಳಿಗೆ ಹೇಳಿದ್ದೇ ಹೇಳಿದ್ದು, ಗಿರಾಕಿಗಳು "ಹೌದ್ರಿ, ಸಣ್ಣಗ ಬೀಸ್ರಿ" ಎಂದು ತಲೆಯಾಡಿಸಿದ್ದೇ ಆಡಿಸಿದ್ದು. ಆ ಗದ್ದಲವನ್ನು ಮೀರುವ ಗಂಟಲಿದ್ದದ್ದು ಗಿರಿಜವ್ವ ಒಬ್ಬಳಿಗೇ. ಆಕೆ ಗಿರಣಿಯೊಳಗೆ ನಿಂತು "ಯಾರ್ದದು ಗೋಧಿ?" ಎಂದರೆ ಸಂತೆಪೇಟೆಯಲ್ಲಿದ್ದ ಗೋಧಿಯ ಒಡೆಯ "ನಂದು" ಎನ್ನುತ್ತಿದ್ದ. ಹೀಗಾಗಿ ಊರು ಅವಳ ಹೆಸರು ಕಲಿತು, ಗಂಡನನ್ನು ಅದಕ್ಕೆ ಬಾಲದ ಹಾಗೆ ಕಟ್ಟಿತು. ಮದುವೆಯ ಆಮಂತ್ರಣ ಬಂದರೂ ಮೇಲೆ "ಗಿರಿಜವ್ವ ಮತ್ತು ಯಜಮಾನರು" ಎಂದೇ ಇರುತ್ತಿತ್ತು.

ಹೆಂಡತಿಯಾದರೂ ಕರೆಯುತ್ತಾಳೆಯೇ ಎಂದರೆ ಅವಳು ಹಳೇ ಪದ್ಧತಿಯವಳು. ಗಂಡನ ಹೆಸರು ಅವಳ ಬಾಯಲ್ಲಿ ಬರಬಾರದು. ಸಾಧಾರಣ ಹೊತ್ತಿನಲ್ಲಿ "ಏನ್ರಿ", ಅವಸರಕ್ಕೆ "ಇಲ್ನೋಡ್ರಿ", ಸಿಟ್ಟು ಬಂದಾಗ "ಇವ್ರೊಬ್ರು". ಇಷ್ಟರಲ್ಲೇ ಅವರ ಸಂಸಾರ ಸುಸೂತ್ರವಾಗಿ ನಡೆದಿತ್ತು. ಈ ಕಥೆಯಲ್ಲಾದರೂ ನಾವು ಅವರನ್ನು ಪೂರ್ತಿ ಹೆಸರಿನಿಂದ ಕರೆಯೋಣ, ಪುಣ್ಯ ಬರುತ್ತದೆ.

ಕೊಳ್ಳದ ಹುಚ್ಚು ಅವರಿಗೆ ಹಿಡಿದದ್ದು ಬಸ್ಸಿನಲ್ಲಿ. ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಸಿದ್ದಾಪುರಕ್ಕೆ ಹೊರಟಿದ್ದರು. ಕಾನಸೂರು ದಾಟಿದ ಮೇಲೆ ಕಾಡಿನ ಒಂದು ತಿರುವಿನಲ್ಲಿ ಕಂಡಕ್ಟರು "ಬೈರ ಬಿದ್ದ ಕೊಳ್ಳ! ಯಾರು ಇಳಿಯೋರು?" ಎಂದು ಕೂಗಿದ.

ಪರಮೇಶ್ವರಪ್ಪನವರ ಕಿವಿ ನೆಟ್ಟಗಾಯಿತು. "ಬೈರ ಅಂದ್ರ ಯಾರ್ರಿ?"

"ಯಾರಿಗೆ ಗೊತ್ತು. ಯಾವ ಕಾಲದಲ್ಲೋ ಬಿದ್ದಿದ್ದ."

"ಅಲ್ರಿ, ಏನ್ ಮಾಡ್ಕೊಂಡಿದ್ದ?"

"ಬಿದ್ದಿದ್ದ, ಅಷ್ಟೇ" ಎಂದು ಕಂಡಕ್ಟರು ಚಿಲ್ಲರೆ ಕೊಟ್ಟು ಮುಂದೆ ಹೋದ.

ಗೃಹಪ್ರವೇಶದ ಹೋಳಿಗೆ ಅಂದು ಅವರ ಗಂಟಲಲ್ಲಿ ಇಳಿಯಲಿಲ್ಲ. ಒಮ್ಮೆ ಕಾಲು ಜಾರಿದ್ದು ಬಿಟ್ಟರೆ ಬೇರೇನೂ ಸಾಧಿಸದ ಬೈರನನ್ನು ಬಸ್ಸಿನವರು ದಿನಾ ಕೂಗಿ ನೆನೆಯುತ್ತಾರೆ. ತಾನು ಊರಿನ ಅರ್ಧ ರೊಟ್ಟಿಗೆ ಹಿಟ್ಟು ಬೀಸಿದವನು, ತನ್ನನ್ನು ಹೆಸರು ಹಿಡಿದು ಕರೆಯಲು ಒಂದು ನರಪಿಳ್ಳೆ ಇಲ್ಲ. ಬಿದ್ದವನಿಗೇ ಈ ಮರ್ಯಾದೆ ಇದ್ದರೆ, ಹುಡುಕಿಕೊಂಡು ಹೋಗಿ ನೆಟ್ಟಗೆ ಕಾಲೂರಿ ಇಳಿದವನಿಗೆ ಇನ್ನೆಷ್ಟಿರಬೇಡ? ಹೆಸರಿಲ್ಲದ ಒಂದು ಕೊಳ್ಳ ಹುಡುಕಬೇಕು, ಅದು ಪರಮೇಶ್ವರಪ್ಪನ ಕೊಳ್ಳ ಎನ್ನಿಸಿಕೊಳ್ಳಬೇಕು. ಇದೊಂದು ಆದರೆ ಜನ್ಮ ಸಾರ್ಥಕ ಎಂದು ಅವರು ನಿರ್ಧರಿಸಿದರು.

ಸೋಮವಾರ ಗಿರಣಿಗೆ ರಜೆ. ಎತ್ತಿನ ಹೆಗಲಿಗೆ ನೊಗ ಇಡದ ದಿನ ಯಂತ್ರಕ್ಕೂ ಪಟ್ಟಾ ಏರಿಸಬಾರದು ಎಂದು ಗಿರಿಜವ್ವನ ಅಪ್ಪ ಮಾಡಿಟ್ಟುಹೋದ ನಿಯಮ ಅದು. ಆ ದಿನ ಬೆಳಗಿನ ಬಸ್ಸಿಗೆ ಪರಮೇಶ್ವರಪ್ಪನವರ ಸವಾರಿ ಹೊರಡತೊಡಗಿತು. ಧೋತರ, ಹವಾಯಿ ಚಪ್ಪಲಿ, ಹೆಗಲಿಗೆ ಬಟ್ಟೆಯ ಚೀಲ. ಚೀಲದೊಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿಯಲ್ಲಿ ಸುಣ್ಣ, ಒಂದು ಕುಂಚ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ "ಗಿರಿಜವ್ವ ಹಿಟ್ಟಿನ ಗಿರಣಿ", ಕೆಳಗೆ ಫೋನ್ ನಂಬರು. ಬೇರೆ ಚೀಲ ಮನೆಯಲ್ಲಿರಲಿಲ್ಲ.

ಉಂಚಳ್ಳಿ, ಮಾಗೋಡು, ಸಾತೊಡ್ಡಿ ಇಂಥ ಜಲಪಾತಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಹೆಸರು ಇದ್ದದ್ದರ ಹತ್ತಿರ ಇವರಿಗೇನು ಕೆಲಸ? ಯಾರೂ ಕಾಲಿಡದ ಕೊಳ್ಳಗಳನ್ನೇ ಹುಡುಕಿ, ಬೇರು ಬಿಳಲು ಹಿಡಿದು, ಜಿಗಣೆಯಂಥ ಉಂಬಳಗಳಿಗೆ ರಕ್ತದಾನ ಮಾಡುತ್ತ ಇಳಿದರು. ತಳ ಮುಟ್ಟಿದ ಮೇಲೆ ಬಂಡೆಯ ಮೇಲೆ ಸುಣ್ಣದಲ್ಲಿ ಹೆಸರು ಬರೆದು, ರೊಟ್ಟಿ ತಿಂದು, ಏದುಸಿರು ಬಿಡುತ್ತ ಹತ್ತಿ ಬಂದು ಹತ್ತಿರದ ಚಹಾ ಅಂಗಡಿಯಲ್ಲಿ ಸುದ್ದಿ ಹೇಳಿದರೆ, ಅಂಗಡಿಯವನು ಲೋಟ ತೊಳೆಯುತ್ತಲೇ "ಓ, ಎಮ್ಮೆ ಬಿದ್ದ ಕೊಳ್ಳನಾ?" ಎನ್ನುತ್ತಿದ್ದ. ಇನ್ನೊಂದು ಮುದುಕಿ ಜಾರಿದ ಕಮರಿ. ಮತ್ತೊಂದರಲ್ಲಿ ಮದುವೆ ದಿಬ್ಬಣದವರ ಅಡುಗೆಯ ಪಾತ್ರೆ ಉರುಳಿ ಅದು ಕೊಪ್ಪರಿಗೆ ಕೊಳ್ಳವಾಗಿ ಕೂತಿತ್ತು. ಆ ಸೀಮೆಯಲ್ಲಿ ಯಾರೋ ಏನೋ ಬೀಳದೆ ಹೆಸರಾದ ಕೊಳ್ಳ ಒಂದೂ ಇರಲಿಲ್ಲ. ಇಳಿದವನ ಹೆಸರಿಡುವ ಪದ್ಧತಿಯೇ ಇಲ್ಲ, ಎಮ್ಮೆಗಾದರೂ ಸರಿ, ಬಿದ್ದದ್ದಕ್ಕೇ ಮರ್ಯಾದೆ. ಸುಣ್ಣದ ಅಕ್ಷರವನ್ನಂತೂ ಮಳೆ ತೊಳೆದು ಹಾಕುತ್ತಿತ್ತು. ಒಂದು ಕಡೆ ಹೋಗಿ ನೋಡಿದರೆ "ಪ್ಪನ ಕೊಳ್ಳ" ಎಂದಷ್ಟೇ ಉಳಿದಿತ್ತು.

ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಿ ಒಮ್ಮೆ ಗೆಲುವು ಕೈಗೆ ಸಿಕ್ಕೇಬಿಟ್ಟಿತ್ತು. ಕೊಳ್ಳದ ಮೇಲಿನ ಗದ್ದೆಯಲ್ಲಿ ಸೊಪ್ಪು ಕೊಯ್ಯುತ್ತಿದ್ದ ದ್ಯಾವಮ್ಮ ಎಂಬ ಹೆಂಗಸನ್ನು ಅವರು ವಿಚಾರಿಸಿದರು.

"ಅವ್ವಾ, ಈ ಕೊಳ್ಳಕ್ಕ ಏನಂತಾರ್ರಿ?"

"ಕೊಳ್ಳಕ್ಕೆ ಕೊಳ್ಳ ಅಂತಾರೆ. ಮತ್ತೆಂತ ಅಂತಾರೆ?"

"ಯಾರೂ ಬಿದ್ದಿಲ್ಲೇನ್ರಿ ಇದರಾಗ?"

"ಬೀಳೂಕೆ ಎಂತ ಹುಚ್ಚಾ? ಎಷ್ಟು ಚಂದ ದಾರಿ ಐತೆ."

ಪರಮೇಶ್ವರಪ್ಪನವರು ಚೀಲಕ್ಕೆ ಕೈಹಾಕಿ ಸುಣ್ಣದ ಡಬ್ಬಿ ತೆಗೆದರು. "ಹಂಗಾದ್ರ ಇವತ್ತಿಂದ ಇದಕ್ಕ ಪರಮೇಶ್ವರಪ್ಪನ ಕೊಳ್ಳ ಅನ್ರಿ."

"ಯಾವ ಪರಮೇಶ್ವರಪ್ಪ?"

"ನಾನೇರಿ."

"ನೀವು ಅಂದ್ರೆ ಯಾರು?"

ಇದಕ್ಕೆ ಏನು ಹೇಳುವುದು? ನಾನು ಅಂದರೆ ನಾನೇ ಎಂದು ಸ್ವಲ್ಪ ಹೊತ್ತು ಒದ್ದಾಡಿದರು. ಕಡೆಗೆ ಸೋತು, "ದಾಸನಕೊಪ್ಪದಾಗ ಗಿರಣಿ ಗಿರಿಜವ್ವ ಅಂತ ಅದಾಳಲ್ರಿ, ಆಕೀ ಗಂಡ" ಎಂದರು.

"ಅಯ್ಯ, ಅದನ್ನ ಮೊದಲೇ ಹೇಳೂದಲ್ಲನಾ! ನಮ್ಮ ತಂಗೀನ ಅಲ್ಲೇ ಕೊಟ್ಟಿದ್ದು" ಎಂದು ದ್ಯಾವಮ್ಮ ಕತ್ತಿ ಕೆಳಗಿಟ್ಟು ಸಂಭ್ರಮಪಟ್ಟಳು, ಮಜ್ಜಿಗೆ ಕೊಟ್ಟಳು, ಹೆಸರಿಡುವ ಜವಾಬ್ದಾರಿ ತನಗಿರಲಿ ಎಂದೂ ಹೇಳಿದಳು. ಮುಂದಿನ ಸೋಮವಾರ ಹೋಗಿ ನೋಡಿದರೆ ನಂದೊಳ್ಳಿಯ ಜನ ಅದನ್ನು ಗಿರಣಿ ಕೊಳ್ಳ ಎನ್ನುತ್ತಿದ್ದರು.

ಹೀಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಸಪ್ಪೆ ಮೋರೆ ಹಾಕಿಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಪರಿಚಯವಾದವನು ಹುಲಗೋಳದ ಮಂಜ. ಗದ್ದೆ ಮಾಡಿಕೊಂಡಿದ್ದ ನಡುವಯಸ್ಸಿನವನು, ಯಾರ ಹುಚ್ಚಿಗೂ ಬೇಡ ಎನ್ನದ ಒಳ್ಳೇ ಸ್ವಭಾವ. ಚೀಲದ ಮೇಲಿನ ಅಕ್ಷರ ಓದಿ ಇವರನ್ನು "ಗಿರಣಿಯವ್ರೇ" ಎಂದು ಕರೆದ. ಹೆಸರು ಕೇಳಲಿಲ್ಲ. ಕಥೆ ಪೂರ್ತಿ ಕೇಳಿ ನಕ್ಕು, "ಕೊಳ್ಳದ ಆಸೆ ಬಿಡಿ ಮಾರಾಯ್ರೇ. ಅವೆಲ್ಲ ಅಜ್ಜನ ಕಾಲದವು, ಬೀಳೋರೆಲ್ಲ ಬಿದ್ದು ಮುಗ್ದದೆ. ಕ್ವಾರಿ ನೋಡಿ. ನಮ್ಮ ಗುಡ್ಡದಾಚೆ ಚಿರೆಕಲ್ಲು ತೆಗ್ದು ಬಿಟ್ಟು ಹೋಗಿದ್ದು ಐತೆ. ಹೆಸರೂ ಇಲ್ಲ, ಗಿಸರೂ ಇಲ್ಲ" ಎಂದ.

ಪರಮೇಶ್ವರಪ್ಪನವರಿಗೆ ಸ್ವರ್ಗ ಮೂರೇ ಗೇಣು ಉಳಿಯಿತು.

ಮರು ಸೋಮವಾರ ಮಂಜ ಅವರನ್ನು ಗುಡ್ಡ ಹತ್ತಿಸಿ ಕ್ವಾರಿಯ ಅಂಚಿಗೆ ಕರೆದೊಯ್ದ. ನೋಡಿದರೆ ದೊಡ್ಡ ಮೈಸೂರು ಪಾಕನ್ನು ನಡುವಿನಲ್ಲಿ ಚೌಕವಾಗಿ ಕತ್ತರಿಸಿ ಯಾರೋ ಎತ್ತಿಕೊಂಡು ಹೋದ ಹಾಗಿತ್ತು. ನಾಲ್ಕೂ ಕಡೆ ಯಂತ್ರದಿಂದ ಕೊಯ್ದ ಕೆಂಪು ಗೋಡೆ, ತಳದ ಒಂದು ಮೂಲೆಯಲ್ಲಿ ಹಸಿರು ನೀರು, ಅಂಚಿನ ತುಂಬ ಪೊದೆ. ಕೆಳಗೆ ಇಳಿಯಲು ಲಾರಿ ಓಡಾಡುತ್ತಿದ್ದ ಇಳಿಜಾರು ಒಂದಿತ್ತು, ಅರ್ಧ ಕುಸಿದಿತ್ತು.

"ನಾ ಹೋರಿಗೆ ನೀರು ಕುಡ್ಸಿ ಬರ್ತೆ. ನೀವು ಮೇಲೇ ಇರಿ, ಇಳೀಬೇಡಿ" ಎಂದು ಹೇಳಿ ಮಂಜ ಹೋದ. ಇಳಿಯಬೇಡಿ ಎಂದರೆ ಇಳಿಯದಿರುವ ಮನುಷ್ಯ ಅಷ್ಟು ದೂರ ಬರುತ್ತಾನೆಯೇ? ಪರಮೇಶ್ವರಪ್ಪನವರು ರೊಟ್ಟಿ ಮುಗಿಸಿ, ಚೀಲವನ್ನು ಒಂದು ಗಿಡಕ್ಕೆ ನೇತುಹಾಕಿ, ಧೋತರ ಎತ್ತಿ ಕಟ್ಟಿ, ಸುಣ್ಣದ ಡಬ್ಬಿ ಹಿಡಿದು ಇಳಿಜಾರಿಗೆ ಕಾಲಿಟ್ಟರು. ನಾಲ್ಕು ಹೆಜ್ಜೆ ಇಳಿದದ್ದು ನಿಜ. ಉಳಿದ ದಾರಿಯನ್ನು ಅವರು ಕೂತ ಭಂಗಿಯಲ್ಲೇ, ಗೌರವಕ್ಕೆ ಕುಂದು ಬಾರದ ಹಾಗೆ, ಬಹಳ ವೇಗವಾಗಿ ಮುಗಿಸಿದರು. ಅವರ ಹಿಂದೆಯೇ ಇಳಿಜಾರಿನ ಮಣ್ಣೂ ಕುಸಿದು ಬಂತು. ಕಣ್ಣು ಬಿಟ್ಟಾಗ ಮೈಯೆಲ್ಲ ಸುಣ್ಣ, ಒಂದು ಚಪ್ಪಲಿ ಹಸಿರು ನೀರಿನಲ್ಲಿ ತೇಲುತ್ತಿತ್ತು, ಹತ್ತಿಹೋಗಲು ದಾರಿಯೇ ಇರಲಿಲ್ಲ.

ಇನ್ನೊಬ್ಬರಾಗಿದ್ದರೆ ಬೊಬ್ಬೆ ಹಾಕುತ್ತಿದ್ದರು. ನಮ್ಮವರಿಗೆ ಆನಂದವಾಯಿತು. ತಾವು ಬಿದ್ದಿದ್ದಾರೆ! ಈ ಸೀಮೆಯ ಪದ್ಧತಿಯ ಪ್ರಕಾರವೇ ಬಿದ್ದಿದ್ದಾರೆ, ಅದೂ ಹೆಸರಿಲ್ಲದ ಹೊಂಡದಲ್ಲಿ! ಗೋಡೆಯ ಕೆಳಗೆ ಕಲ್ಲು ಕಿತ್ತು ಗೂಡಿನಂತಾದ ಜಾಗದಲ್ಲಿ ನೆರಳಿತ್ತು. ಅಲ್ಲಿ ಬಿಟ್ಟುಹೋದ ಒಂದು ಕಲ್ಲಿನ ಮೇಲೆ ಕೂತು, ಮೊಣಕೈ ತರಚಿದ್ದಕ್ಕೆ ಎಂಜಲು ಹಚ್ಚಿಕೊಳ್ಳುತ್ತ, ಕಂಡಕ್ಟರು "ಪರಮೇಶ್ವರಪ್ಪ ಬಿದ್ದ ಕ್ವಾರಿ" ಎಂದು ಕೂಗುವುದನ್ನು ಕಲ್ಪಿಸಿಕೊಂಡರು.

ಅಷ್ಟರಲ್ಲಿ ಮೇಲಿಂದ ಮಂಜನ ದನಿ ಕೇಳಿತು. "ಓ ಗಿರಣಿಯವ್ರೇ!"

ಓ ಎನ್ನಲು ಬಾಯಿ ತೆರೆದ ಪರಮೇಶ್ವರಪ್ಪನವರು ಗಪ್ಪನೆ ಮುಚ್ಚಿದರು. ಈಗ ಓಗೊಟ್ಟರೆ ಕೆಟ್ಟಿತು. ನಂದೊಳ್ಳಿಯಲ್ಲಿ ಆದದ್ದೇ ಇಲ್ಲೂ ಆಗಿ ಇದು ಶಾಶ್ವತವಾಗಿ ಗಿರಣಿ ಕ್ವಾರಿಯಾಗುತ್ತದೆ. ಹೆಸರು ಹಿಡಿದು ಕರೆಯಲಿ, ಆಗ ನೋಡೋಣ.

"ಗಿರಣಿಯವ್ರೇ, ಎಲ್ಲಿದ್ರಿ?"

ಪರಮೇಶ್ವರಪ್ಪನವರು ತುಟಿ ಬಿಗಿಹಿಡಿದು ಕೂತರು. ಮಂಜ ಅಂಚಿನಿಂದ ಬಗ್ಗಿ ನೋಡಿದ. ಗೂಡಿನೊಳಗೆ ಕೂತವರು ಅವನಿಗೆ ಕಾಣಲಿಲ್ಲ. ಕಂಡದ್ದು ಗಿಡಕ್ಕೆ ನೇತಾಡುವ ಚೀಲ, ಕುಸಿದ ಮಣ್ಣು, ನೀರಿನ ಮೇಲೆ ಒಂಟಿ ಚಪ್ಪಲಿ. "ಅಯ್ಯಯ್ಯೋ, ಹೋದ್ರಲ್ಲೋ ದೇವ್ರೇ!" ಎಂದು ಚೀರಿ, ಚೀಲ ಕಿತ್ತುಕೊಂಡು ಗುಡ್ಡ ಇಳಿದು ಓಡಿದ. ಪರಮೇಶ್ವರಪ್ಪನವರು ಗಾಬರಿಯಾಗಿ ಹೊರಗೆ ಜಿಗಿದು "ಓ ಮಂಜಪ್ಪಾ, ಇಲ್ಲೇ ಅದೀನೋ!" ಎಂದು ಕೂಗುವಷ್ಟರಲ್ಲಿ ಅವನು ಗದ್ದೆ ಸೇರಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವುದು ಇದಕ್ಕೇ.

ಬಿಸಿಲು ತಳದಿಂದ ಗೋಡೆಗೆ ಏರಿತು. ಆನಂದ ಎಲ್ಲಿಗೆ ಹೋಯಿತೋ, ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಮಂಜ ಚೀಲದ ಮೇಲಿನ ನಂಬರಿಗೆ ಫೋನು ಮಾಡುತ್ತಾನೆ, ಗಿರಿಜವ್ವ ಎತ್ತುತ್ತಾಳೆ, ಅವನು ಚಪ್ಪಲಿಯ ಸುದ್ದಿ ಹೇಳುತ್ತಾನೆ. ನಾಳೆ ಜೋಳದ ಡಬ್ಬ ಎತ್ತಿಕೊಡುವವರು ಯಾರು, ಅವಳು ಏನ್ರಿ ಎಂದರೆ ತಿರುಗಿ ನೋಡುವವರು ಯಾರು? ಸತ್ತರೆ ಕ್ವಾರಿಗೆ ಹೆಸರು ಖಂಡಿತ ಬರುತ್ತದೆ ಎಂಬ ಯೋಚನೆಯೂ ಬಂತು. ಅದರಿಂದ ಕಿಂಚಿತ್ತೂ ಸಮಾಧಾನವಾಗಲಿಲ್ಲ. ಇನ್ನು ಯಾರು ಏನೆಂದು ಕರೆದರೂ ಓಗೊಡುತ್ತೇನೆ ಎಂದು ಮೇಲಿನ ಶಿವನಿಗೆ ಮಾತು ಕೊಟ್ಟರು.

ಸಂಜೆ ತಳಕ್ಕೆ ಕತ್ತಲು ಇಳಿದು ಮೇಲಿನವರಿಗೆ ಏನೂ ಕಾಣದ ಹೊತ್ತಿಗೆ ಟೆಂಪೋದ ಸದ್ದು ಕೇಳಿತು. ಗಿರಿಜವ್ವ ಬಂದಿದ್ದಳು. ಜೊತೆಗೆ ಪಕ್ಕದ ಮನೆಯ ಮುದುಕಿ ಮುರಿಗೆವ್ವ, ಗಿರಣಿಯ ಗಿರಾಕಿಗಳಾದ ಏಳೆಂಟು ಗಂಡಸರು. ಹಗ್ಗ ಹುಡುಕುವಷ್ಟು ವ್ಯವಧಾನ ಇಲ್ಲದೆ ಗಿರಿಜವ್ವ ಗಿರಣಿಯ ಹಳೇ ಪಟ್ಟಾವನ್ನೇ ಸುತ್ತಿ ಹೊತ್ತು ತಂದಿದ್ದಳು.

"ಗಿರಣಿಯವ್ರೇ!" ಎಂದು ಮಂಜ ಕೂಗಿದ. "ಗಿರಿಜವ್ವನ ಗಂಡ್ರೇ!" ಎಂದು ಗಂಡಸರು ಕೂಗಿದರು. ಪರಮೇಶ್ವರಪ್ಪನವರು ಕೊಟ್ಟ ಮಾತಿನಂತೆ "ಓ" ಎಂದರು. ಆದರೆ ಅಷ್ಟೂ ಜನ ಒಟ್ಟಿಗೆ ಕೂಗಿದ್ದು ನಾಲ್ಕು ಗೋಡೆಗೂ ಬಡಿದು ಮರಳಿ ಬರುತ್ತಿದ್ದ ಗದ್ದಲದಲ್ಲಿ ಆ ಓ ಯಾರಿಗೂ ಕೇಳಲಿಲ್ಲ.

"ಹಂಗ ಕರದ್ರ ಅವ್ರು ಯಾಕ ಓ ಅಂದಾರು?" ಎಂದಳು ಗಿರಿಜವ್ವ. "ಅವ್ರಿಗೆ ಅವ್ರದೇ ಹೆಸರಿಲೆ ಕರದ್ರ ಭಾಳ ಇಷ್ಟ. ಅದಕ್ಕೇ ಅಲ್ಲೇನು ಸೋಮವಾರಕ್ಕೊಮ್ಮೆ ಕಲ್ಲು ಮುಳ್ಳು ತುಳೀತಿದ್ದದ್ದು. ಹೆಸರು ಹಿಡದು ಕರೀರಿ."

ಕೆಳಗಿದ್ದ ಪರಮೇಶ್ವರಪ್ಪನವರು ತಬ್ಬಿಬ್ಬಾದರು. ಇದು ಇವಳಿಗೆ ಗೊತ್ತಿತ್ತೇ?

"ಹೆಸರೆಂತ ಹಂಗಾರೆ?" ಎಂದ ಮಂಜ. ಇಷ್ಟು ವರ್ಷ ಹಿಟ್ಟು ಬೀಸಿಸಿಕೊಂಡವರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ. "ಅಕ್ಕಾ, ನನ್ನ ಕಿವೀಲಿ ಹೇಳಿ, ನಾ ಕೂಗ್ತೆ" ಎಂದು ಮಂಜ ಕಿವಿ ಕೊಟ್ಟ.

"ಕಿವ್ಯಾಗ ಹೇಳಿದ್ರೂ ಹೇಳಿದಂಗ ಆತಲ್ಲೋ ಯಪ್ಪಾ! ಶಿವನ ಹೆಸರು, ಕಡೀಕ ಅಪ್ಪ ಐತಿ. ತಿಳ್ಕೋರಿ."

ತಿಳಿದುಕೊಂಡ ಗಂಡಸರು ಅಂಚಿಗೆ ಸಾಲಾಗಿ ನಿಂತು ಒಬ್ಬರ ಮೇಲೊಬ್ಬರು ಕೂಗತೊಡಗಿದರು. ಶಂಕರಪ್ಪಾ! ಮಲ್ಲಪ್ಪಾ! ರುದ್ರಪ್ಪಾ! ಗಂಗಾಧರಪ್ಪಾ! ಶಿವನ ಹೆಸರು ಮುಗಿದು ಒಬ್ಬ ಬಸಪ್ಪಾ ಎಂದೂ ಕೂಗಿ ನೋಡಿದ. ಪರಮೇಶ್ವರಪ್ಪನವರು ಪ್ರತಿ ಹೆಸರಿಗೂ ಪ್ರಾಮಾಣಿಕವಾಗಿ ಓ ಎನ್ನುತ್ತಲೇ ಇದ್ದರು, ಆ ಸಹಸ್ರನಾಮದಲ್ಲಿ ಅವರ ಓ ಮುಳುಗಿ ಹೋಗುತ್ತಿತ್ತು. ಈಶ್ವರಪ್ಪಾ ಎಂದಾಗ ಅರ್ಧ ಹೆಸರಾದರೂ ಸಿಕ್ಕಿತಲ್ಲ ಎಂದು ಇನ್ನೂ ಜೋರಾಗಿ ಓ ಎಂದರು.

"ಎಲ್ಲಾರೂ ಬಾಯಿ ಮುಚ್ಚರಿ!" ಗಿರಿಜವ್ವನ ಆ ಕೂಗಿಗೆ ಕಾಡಿನ ಹಕ್ಕಿಗಳೂ ಸುಮ್ಮನಾದವು. "ನಾನೇ ಕರೀತೀನಿ."

ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳಲೇಬೇಕಾದ ಪ್ರಸಂಗ ಬಂದರೆ ಹೆಂಗಸರು ಪ್ರಾಸ ಕಟ್ಟಿ, ಒಡಪಿನ ನಡುವೆ ಹೆಸರು ಅಡಗಿಸಿ ಹೇಳುತ್ತಾರೆ. ಹಾಗೆ ಹೇಳಿದರೆ ದೋಷವಿಲ್ಲ. ಗಿರಿಜವ್ವ ಕ್ವಾರಿಯ ಅಂಚಿನಲ್ಲಿ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಒರೆಸಿ, ಒಡಪು ಶುರು ಮಾಡಿದಳು.

"ಗಿರಣಿಗೆ ಬೇಕು ಜ್ವಾಳ, ರೊಟ್ಟಿಗೆ ಬೇಕು ಹಿಟ್ಟು,
ಎಲ್ಲಿ ಕುಂತಾರ ಪರಮೇಶ್ವರಪ್ಪಾ, ನನ್ನೊಬ್ಬಾಕೀನ ಬಿಟ್ಟು!"

"ಭಾಳ ಚಲೋ ಆತವ್ವಾ, ಇನ್ನೊಂದು ಹೇಳು" ಎಂದು ಮುರಿಗೆವ್ವ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲಿದ್ದೇವೆ ಎಂಬುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಳು.

ಹೆಸರು ನಾಲ್ಕು ಗೋಡೆಗೂ ತಾಗಿ ತಿರುಗಿ ತಿರುಗಿ ಬಂತು. ಪರಮೇಶ್ವರಪ್ಪಾ, ಮೇಶ್ವರಪ್ಪಾ, ರಪ್ಪಾ. ಪರಮೇಶ್ವರಪ್ಪನವರು ಗೋಡೆಗೆ ಒರಗಿ ನಿಂತರು. ಮದುವೆಯ ದಿನ ಆಕೆ ಒಮ್ಮೆ ಹೇಳಿದ್ದಳಂತೆ, ಬ್ಯಾಂಡಿನವರ ಅಬ್ಬರದಲ್ಲಿ ಅವರಿಗೆ ಕೇಳಿರಲಿಲ್ಲ. ಈಗ ಸುತ್ತಲೂ ನಿಶ್ಶಬ್ದವಾಗಿತ್ತು, ಓ ಎಂದರೆ ಎಲ್ಲರಿಗೂ ಕೇಳುತ್ತಿತ್ತು. ಶಿವನಿಗೆ ಕೊಟ್ಟ ಮಾತೂ ನೆನಪಿತ್ತು. ಆದರೆ ಓ ಎಂದರೆ ಅವಳು ಕರೆಯುವುದನ್ನು ನಿಲ್ಲಿಸುತ್ತಾಳೆ. ಇನ್ನೊಮ್ಮೆ ಕೇಳಿಬಿಡೋಣ ಎಂದು ಅವರು ಉಸಿರು ಬಿಗಿಹಿಡಿದರು.

"ಕಲ್ಲಿಗೆ ಕಲ್ಲು ಆಸರಾ, ಬಳ್ಳಿಗೆ ಗಿಡ ಆಸರಾ, ನಮ್ಮ ಪರಮೇಶ್ವರಪ್ಪಾ..." ಮುಂದಿನ ಸಾಲು ಅವಳಿಗೆ ಹೊಳೆಯಲಿಲ್ಲ. ಆಮೇಲೆ ಗಿರಿಜವ್ವ ಪ್ರಾಸವನ್ನೂ ಬಿಟ್ಟಳು, ಪದ್ಧತಿಯನ್ನೂ ಬಿಟ್ಟಳು. "ಪರಮೇಶ್ವರಪ್ಪಾ! ಪರಮೇಶ್ವರಪ್ಪಾ! ಓ ಪರಮೇಶ್ವರಪ್ಪಾ!" ಎಂದು ಬರೀ ಹೆಸರನ್ನೇ ಅಳುತ್ತ ಕೂಗಿದಳು.

"ಓ ಗಿರಿಜಾ!" ಎಂದರು ಪರಮೇಶ್ವರಪ್ಪನವರು. ಅವರೂ ಅಳುತ್ತಿದ್ದರು.

ಮೇಲೆ ಗಿರಿಜವ್ವನಿಗೆ ಗಿರಣಿಯ ಗಂಟಲು ಮರಳಿ ಬಂತು. "ಬದುಕಿದೀರ್ಯಾ? ಬದುಕಿ ಸುಮ್ನ ಕುಂತಿದ್ರ್ಯಾ? ಮ್ಯಾಲ ಬರ್ರಿ ನೀವು, ಕಾಲು ಮುರದು ಕೈಯಾಗ ಕೊಡ್ತೀನಿ!" ಎಂದು ಬೈಯುತ್ತಲೇ ಪಟ್ಟಾ ಕೆಳಗೆ ಬಿಟ್ಟಳು. ಸುಣ್ಣ ಬಳಿದುಕೊಂಡ ಪರಮೇಶ್ವರಪ್ಪನವರನ್ನು ಎಲ್ಲರೂ ಸೇರಿ ಮೇಲೆಳೆದರು. ಅತಿ ಜೋರಾಗಿ ಎಳೆದವಳೂ ಅವಳೇ.

ಮರಳುವ ದಾರಿಯಲ್ಲಿ ಟೆಂಪೋದ ಹಿಂಭಾಗದಲ್ಲಿ ಗಂಡ ಹೆಂಡತಿ ಒಂದು ಮೂಲೆಗೆ ಕೂತಿದ್ದರು. ಡ್ರೈವರು ಯಾರಿಗೋ ಫೋನಿನಲ್ಲಿ "ಇಲ್ಲೇ ಹುಲಗೋಳದಾಗ ಅದೀವ್ರಿ, ಗಿರಿಜವ್ವ ಹೆಸರು ಹೇಳಿದ ಕ್ವಾರಿ ಹತ್ರ" ಎನ್ನುತ್ತಿದ್ದ. ಇವತ್ತಿಗೂ ಅದರ ಹೆಸರು ಅದೇ. ಪರಮೇಶ್ವರಪ್ಪನವರಿಗೆ ಅದು ಕೇಳಿಸಿತು, ಬೇಸರವೇನೂ ಆಗಲಿಲ್ಲ.

ಗಿರಿಜವ್ವ ಮಾತ್ರ ಬೆರಳು ಮಡಿಸುತ್ತ ಮತ್ತೆ ಅಳಲು ಶುರು ಮಾಡಿದ್ದಳು.

"ಈಗ್ಯಾಕ ಅಳ್ತಿ?"

"ಒಡಪಿನಾಗ ಹೇಳಿದ್ದಕ್ಕ ದೋಷ ಇಲ್ಲ. ಬರೀ ಹೆಸರು ಹೇಳಿದ್ರ ಒಂದು ಸಲಕ್ಕ ಗಂಡಂದು ಒಂದು ವರ್ಷ ಆಯುಷ್ಯ ಹೋಗ್ತೈತಂತ ನಮ್ಮಜ್ಜಿ ಹೇಳ್ತಿದ್ಲು. ಎಷ್ಟು ಸಲ ಕೂಗಿಸಿದ್ರಿ ನನ್ನ ಕಡಿಂದ!"

ಪರಮೇಶ್ವರಪ್ಪನವರು ಗಂಭೀರವಾಗಿ ಯೋಚಿಸಿದರು. ಆಮೇಲೆ ಸರಿದು ಹತ್ತಿರ ಕೂತು, ಮುರಿಗೆವ್ವನಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದರು.

"ಹೋದ್ರ ಇನ್ನೊಂದು ವರ್ಷ ಹೋಗ್ಲಿ ಗಿರಿಜಾ. ಇನ್ನೊಮ್ಮೆ ಕರಿ."

"ಹುಚ್ಚು ಹಿಡದೈತಿ ನಿಮಗ" ಎಂದಳು ಗಿರಿಜವ್ವ. ಅತ್ತ ಇತ್ತ ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಅವರ ಕಿವಿಯ ಹತ್ತಿರ ಬಗ್ಗಿದಳು.